ಒಂದು ಬೇಸಗೆಯ ಎಸೆಗಾರ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಆಟಕ್ಕೆ ಸಲ್ಲುವ ಮನ್ನಣೆಯು ನಮ್ಮಲ್ಲಿ ಕ್ರಿಕೆಟ್ಟಿಗೆ ಸಲ್ಲುವ ಮನ್ನಣೆಗಿಂತ ಏನೇನೂ ಕಡಮೆಯದಲ್ಲ. ಅಲ್ಲಿಯವರು ಆಟಗಾರರ ಲೆಕ್ಕಗಳನ್ನು ಸುಮಾರು ನೂರೈವತ್ತು ವರ್ಷಗಳಿಂದ, ಹಳ್ಳಿಯ ಶಾನುಭೋಗನ ಕಡತಕ್ಕಿಂತಲೂ ಹೆಚ್ಚಿನ ಜೋಕೆಯಿಂದ, ಬರೆದಿಟ್ಟುಕೊಂಡು ಬಂದಿದ್ದಾರೆ. ಆ ಕಡತವನ್ನು ತಿರುವಿ ಹಾಕಿದರೆ ಮಾರ್ಕ್ ಫಿಡ್ರಿಚ್ ಎಂಬಾತನ ಹೆಸರಿನ ಮುಂದೆ ಕಾಣುವುದು ಇಷ್ಟೇ: ಐದು ವರ್ಷ, ೫೮ ಪಂದ್ಯ, ೨೯ ಗೆಲವು, ೧೯ ಸೋಲು. ಇದಕ್ಕಿಂತ ಹತ್ತು ಪಾಲು ದೊಡ್ಡ ಲೆಕ್ಕವುಳ್ಳವರು ಅಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಹಲವರ ಹೆಸರನ್ನು ಅವರ ಊರಿನವರೇ ಮರೆತಿದ್ದಾರೆ. ಫಿಡ್ರಿಚನನ್ನು ಮಾತ್ರ ಡೆಟ್ರಾಯಿಟ್ ನಗರದವರು ಇಂದಿಗೂ ಮರೆತಿಲ್ಲ. ೧೯೭೬ನೆಯ ಇಸವಿಯ ಬೇಸಗೆಯ ಮಾತೆತ್ತಿದರೆ ಅಲ್ಲಿಯ ಮುದುಕರ ಮುಖದಲ್ಲಿ ನಗೆ ಮೂಡುವುದಂತೆ. ಒಂದೇ ಒಂದು ಬೇಸಗೆಯಲ್ಲಿ ಆತನು ಮಾಡಿದ್ದೇನು, ತರುವಾಯ ಆತನ ತೋಳಿಗೆ ಬಂದೊದಗಿದ್ದೇನು, ಆ ಕೇಡಿನ ಹೆಸರು ತಿಳಿಯಲು ಎಂಟು ವರ್ಷ ಹಿಡಿದುದೇಕೆ ಎಂಬುದನ್ನು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಈ ಆಟವನ್ನು ಕಂಡರಿಯದವರಿಗಾಗಿ ಮೊದಲು ನಾಲ್ಕು ಮಾತು. ಕ್ರಿಕೆಟ್ಟಿನಲ್ಲಿ ಬೌಲರನಿದ್ದಂತೆ ಬೇಸ್‌ಬಾಲಿನಲ್ಲಿ ಪಿಚರ್ ಎಂಬವನಿರುತ್ತಾನೆ. ಅವನನ್ನು ನಾವು ಎಸೆಗಾರನೆಂದು ಕರೆಯೋಣ. ಅವನು ಓಡಿಬಂದು ಚೆಂಡನ್ನು ನೆಲಕ್ಕೆ ಪುಟಿಸುವುದಿಲ್ಲ. ಮೈದಾನದ ನಡುವೆ ಹತ್ತು ಅಂಗುಲ ಎತ್ತರದ ಮಣ್ಣಿನ ದಿಬ್ಬವೊಂದಿದೆ. ಅದರ ಮೇಲೆ ನಿಂತು, ೬೦ ಅಡಿ ೬ ಅಂಗುಲ ದೂರದಲ್ಲಿರುವ ದಾಂಡಿಗನ ಕಡೆಗೆ, ಮಾವಿನ ಮರಕ್ಕೆ ಹುಡುಗರು ಕಲ್ಲು ಬೀರುವಂತೆ, ಮೊಣಕೈ ಮಡಿಸಿ ಚೆಂಡನ್ನು ನೇರವಾಗಿ ಬೀಸಿ ಎಸೆಯಬೇಕು. ದಾಂಡಿಗನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತ ಕ್ಯಾಚರನು ಅದನ್ನು ಹಿಡಿಯುತ್ತಾನೆ. ಪ್ರತಿ ಇನ್ನಿಂಗ್ಸಿನಲ್ಲಿಯೂ ಎರಡು ತಂಡಗಳಿಗೆ ಒಂದೊಂದು ಸಲ ಆಡುವ ಸರದಿ. ಮೂವರು ಔಟಾದರೆ ಸರದಿ ಮುಗಿಯಿತು. ಇಂತಹ ಒಂಬತ್ತು ಇನ್ನಿಂಗ್ಸುಗಳಿಗೆ ಒಂದು ಪಂದ್ಯ. ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಎಸೆದು ಮುಗಿಸಿದರೆ ಅದನ್ನು ಪೂರ್ಣಪಂದ್ಯವೆಂದು ಕರೆಯುತ್ತಾರೆ. ಅಷ್ಟರೊಳಗೆ ಅವನ ತೋಳು ನೂರಕ್ಕೂ ಮೇಲ್ಪಟ್ಟು ಸಲ, ಇದ್ದ ಬಲವನ್ನೆಲ್ಲ ಹಾಕಿ, ಬೀಸಿರುತ್ತದೆ. ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಎಷ್ಟು ಓಟಗಳನ್ನು ಬಿಟ್ಟುಕೊಟ್ಟನು ಎಂಬುದೇ ಎಸೆಗಾರನ ಯೋಗ್ಯತೆಯ ಅಳತೆಗೋಲು. ಸಂಖ್ಯೆ ಕಡಮೆಯಾದಷ್ಟೂ ಹಿರಿಮೆ ಹೆಚ್ಚು. ಇಷ್ಟು ತಿಳಿದರೆ ಮುಂದಿನ ಕಥೆಗೆ ಸಾಕು.

ಫಿಡ್ರಿಚನು ಹುಟ್ಟಿದುದು ೧೯೫೪ನೆಯ ಇಸವಿಯ ಆಗಸ್ಟ್ ೧೪ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ವುಸ್ಟರ್ ನಗರದಲ್ಲಿ. ಬೆಳೆದುದು ಅದರ ನೆರೆಯ ನಾರ್ತ್‌ಬರೋ ಎಂಬ ಸಣ್ಣ ಊರಿನಲ್ಲಿ. ತಂದೆಯು ಶಾಲೆಯ ಉಪಾಧ್ಯಾಯ; ಮಗನಿಗಾದರೋ ಶಾಲೆಯ ಬೆಂಚಿನ ಮೇಲೆ ಕಾಲುಗಂಟೆ ನೆಟ್ಟಗೆ ಕೂರುವುದೂ ಆಗದು. ಮೊದಲ ಎರಡು ತರಗತಿಗಳನ್ನೂ ಆತನು ಎರಡೆರಡು ಸಲ ಓದಬೇಕಾಯಿತೆಂದು ಹೇಳುತ್ತಾರೆ. ಓದಿನಲ್ಲಿ ಹಿಂದೆ ಬಿದ್ದ ಈ ಹುಡುಗನು ಊರಿನ ಪೆಟ್ರೋಲ್ ಅಂಗಡಿಯಲ್ಲಿ ಮೋಟಾರುಗಳಿಗೆ ಎಣ್ಣೆ ತುಂಬುವ ಕೆಲಸವನ್ನು ಬಹು ಪ್ರೀತಿಯಿಂದ ಮಾಡುತ್ತಿದ್ದನು. ಯಂತ್ರಗಳೆಂದರೆ ಆತನಿಗೆ ಕೊನೆಯವರೆಗೂ ಅಕ್ಕರೆ. ೧೯೭೪ರಲ್ಲಿ ಡೆಟ್ರಾಯಿಟ್ ಟೈಗರ್ಸ್ ಎಂಬ ಕ್ಲಬ್ಬಿನವರು ಹೊಸ ಆಟಗಾರರನ್ನು ಆರಿಸುವಾಗ ಹತ್ತನೆಯ ಸುತ್ತಿನಲ್ಲಿ ಈತನ ಹೆಸರನ್ನು ಕೂಗಿದರು. ಹತ್ತನೆಯ ಸುತ್ತೆಂದರೆ, ಸಂತೆಯಲ್ಲಿ ಒಳ್ಳೆಯ ಕಾಯಿಗಳನ್ನೆಲ್ಲ ಆರಿಸಿಕೊಂಡು ಹೋದ ಮೇಲೆ ಬುಟ್ಟಿಯ ತಳದಲ್ಲಿ ಉಳಿದವುಗಳ ಸರದಿ.

ಆರಡಿ ಮೂರಂಗುಲದ ಬಡಕಲು ಮೈ, ಟೋಪಿಯ ಕೆಳಗೆ ನಾಲ್ಕೂ ಕಡೆಗೆ ಚಿಮ್ಮುವ ಗುಂಗುರು ಹೊಂಗೂದಲು, ನಡೆಯುವಾಗ ಕುಪ್ಪಳಿಸುವಂತಹ ಹೆಜ್ಜೆ. ಅಮೆರಿಕದಲ್ಲಿ ಮಕ್ಕಳಿಗಾಗಿ ದೂರದರ್ಶನದಲ್ಲಿ ತೋರಿಸುವ ಸೆಸಮಿ ಸ್ಟ್ರೀಟ್ ಎಂಬ ಕಾರ್ಯಕ್ರಮದಲ್ಲಿ ಎತ್ತರವಾದ ಹಳದಿ ಬಣ್ಣದ ಹಕ್ಕಿಯ ಗೊಂಬೆಯೊಂದಿದೆ. ಕಿರಿಯ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದಾಗಲೇ ತರಬೇತುದಾರನೊಬ್ಬನು ಇವನನ್ನು ಆ ಹಕ್ಕಿಗೆ ಹೋಲಿಸಿ ‘ಬರ್ಡ್’ ಎಂದು ಕರೆದನು. ಅಂದಿನಿಂದ ಕಡೆಯವರೆಗೂ ಆತನು ಎಲ್ಲರಿಗೂ ‘ಹಕ್ಕಿ’ಯೇ ಆದನು.

ಡೆಟ್ರಾಯಿಟ್ ನಗರವು ಆಗ ಯಾವ ಸ್ಥಿತಿಯಲ್ಲಿದ್ದಿತೆಂಬುದನ್ನು ಅರಿಯದೆ ಈ ಕಥೆಯ ಸ್ವಾರಸ್ಯವು ತಿಳಿಯದು. ಮೋಟಾರು ಕಾರುಗಳ ರಾಜಧಾನಿಯೆನಿಸಿದ್ದ ಆ ನಗರದಲ್ಲಿ ೧೯೬೭ರಲ್ಲಿ ಭೀಕರವಾದ ಗಲಭೆ ನಡೆದು ಬೀದಿಗಳು ಉರಿದಿದ್ದುವು. ೧೯೭೩ರಲ್ಲಿ ತೈಲದ ಬೆಲೆ ಏರಿ ಕಾರ್ಖಾನೆಗಳಿಗೆ ಪೆಟ್ಟು ಬಿದ್ದಿತು. ಉಳ್ಳವರು ಊರನ್ನು ಬಿಟ್ಟು ಹೊರವಲಯಕ್ಕೆ ಹೋಗುತ್ತಿದ್ದರು. ಮನಸ್ಸನ್ನು ಹಗುರಮಾಡಿಕೊಳ್ಳಲು ಆಟದ ಮೈದಾನಕ್ಕೆ ಹೋಗೋಣವೆಂದರೆ ಅಲ್ಲಿಯೂ ಸಂತೋಷವಿರಲಿಲ್ಲ. ೧೯೭೫ರಲ್ಲಿ ಟೈಗರ್ಸ್ ತಂಡವು ೫೭ ಪಂದ್ಯಗಳನ್ನು ಗೆದ್ದು ೧೦೨ನ್ನು ಸೋತಿತ್ತು. ಅದರಲ್ಲಿ ೧೯ ಸೋಲು ಒಂದರ ಹಿಂದೊಂದು ಬಂದಿದ್ದುವು.

ಹೀಗಿರುವಲ್ಲಿ, ೧೯೭೬ರ ವಸಂತದಲ್ಲಿ ಈ ಇಪ್ಪತ್ತೊಂದು ವರ್ಷದ ಹುಡುಗನು ತಂಡದ ಕೊನೆಯ ಸ್ಥಾನಗಳಲ್ಲೊಂದನ್ನು ಹೇಗೋ ಪಡೆದುಕೊಂಡನು. ಮೊದಲ ತಿಂಗಳು ಬಹುಮಟ್ಟಿಗೆ ಬೆಂಚಿನ ಮೇಲೆಯೇ ಕಳೆಯಿತು. ಮೇ ೧೫ರಂದು ಎಸೆಯಬೇಕಾಗಿದ್ದ ಹಿರಿಯನೊಬ್ಬನು ಜ್ವರದಿಂದ ಮಲಗಿದ ಕಾರಣ ಕ್ಲೀವ್‌ಲ್ಯಾಂಡ್ ತಂಡದ ಎದುರಿಗೆ ಈತನನ್ನು ದಿಬ್ಬಕ್ಕೆ ಹತ್ತಿಸಿದರು. ಆ ದಿನ ಮೈದಾನದಲ್ಲಿ ಜನ ಹೆಚ್ಚಾಗಿರಲಿಲ್ಲ. ಬಂದವರು ಮಾತ್ರ ತಾವು ಅದುವರೆಗೆ ಕಾಣದುದನ್ನು ಕಂಡರು. ಹುಡುಗನು ಮೊಣಕಾಲೂರಿ ಕುಳಿತು, ಒಲೆಯ ಮುಂದೆ ನೆಲ ಸಾರಿಸುವ ಹೆಂಗಸಿನಂತೆ, ದಿಬ್ಬದ ಮಣ್ಣನ್ನು ಎರಡು ಕೈಗಳಿಂದಲೂ ತಟ್ಟಿ ತೀಡಿ ನುಣ್ಣಗೆ ಮಾಡಿದನು; ಹಿಂದೆ ನಿಂತವರ ಬೂಟುಗಾಲಿನ ಗುಂಡಿಗಳು ಆತನಿಗೆ ಸೇರವು. ಎದ್ದು ನಿಂತು ಚೆಂಡನ್ನು ಮುಖದ ಹತ್ತಿರ ಹಿಡಿದು ಏನೋ ಮಾತನಾಡಿದನು. ಎಸೆದನು. ಜೊತೆಯ ಆಟಗಾರನು ಒಳ್ಳೆಯ ಚೆಂಡನ್ನು ಹಿಡಿದರೆ ಓಡಿಹೋಗಿ ಕೈಕುಲುಕಿದನು. ಎದುರಾಳಿಯು ಚೆನ್ನಾಗಿ ಹೊಡೆದ ಚೆಂಡು ಕೈಗೆ ಮರಳಿದರೆ ಅದನ್ನು ಅಂಪೈರನಿಗೆ ಹಿಂದಿರುಗಿಸಿ, ‘ಈ ಚೆಂಡಿನಲ್ಲಿ ಹೊಡೆತವಿದೆ, ಬೇರೆ ಕೊಡಿ’ ಎಂಬ ಧಾಟಿಯಲ್ಲಿ ಬೇಡಿದನು. ಒಂಬತ್ತು ಇನ್ನಿಂಗ್ಸುಗಳಲ್ಲಿ ಎದುರು ತಂಡಕ್ಕೆ ದೊರೆತುದು ಎರಡೇ ಹೊಡೆತ. ಟೈಗರ್ಸ್ ತಂಡವು ೨–೧ರಿಂದ ಗೆದ್ದಿತು.

ಚೆಂಡಿನೊಡನೆ ಮಾತನಾಡುವುದನ್ನು ಕಂಡು ಕೆಲವರು ಇದು ಜನರನ್ನು ನಗಿಸಲು ಹೂಡಿದ ವೇಷವೆಂದರು. ಎದುರು ತಂಡದವರಲ್ಲಿ ಕೆಲವರಿಗೆ ಸಿಟ್ಟೂ ಬಂದಿತು. ಆತನನ್ನು ಕೇಳಿದರೆ, ತಾನು ಮಾತನಾಡುವುದು ಚೆಂಡಿನೊಡನೆಯಲ್ಲ, ತನ್ನೊಡನೆಯೇ, ಮನಸ್ಸು ಅತ್ತಿತ್ತ ಹರಿಯದಂತೆ ಹಿಡಿದಿಡುವ ಉಪಾಯವದು ಎಂದು ತಿಳಿಸುತ್ತಿದ್ದನು. ನೇಗಿಲು ಹೂಡಿ ಸಾಲು ಹಿಡಿದ ಒಕ್ಕಲಿಗನು ಎತ್ತಿನೊಡನೆ ಆಡುವ ಮಾತನ್ನು ಕೇಳಿದವರಿಗೆ ಇದರಲ್ಲಿ ಬೆರಗೇನೂ ಕಾಣದು. ಎತ್ತಿಗೆ ಅರ್ಥವಾಗಲಿ ಬಿಡಲಿ, ಸಾಲು ಮಾತ್ರ ನೆಟ್ಟಗಿರುತ್ತದೆ. ಫಿಡ್ರಿಚನ ಎಸೆತವೂ ಹಾಗೆಯೇ ನೆಟ್ಟಗಿದ್ದಿತು. ಆತನ ಚೆಂಡಿನ ವೇಗವು ಅಸಾಧಾರಣವಾದುದಲ್ಲ. ಆದರೆ ದಾಂಡಿಗನ ಮೊಣಕಾಲಿನ ಮಟ್ಟದಲ್ಲಿ ಬಂದು, ಕೊನೆಯ ಗಳಿಗೆಯಲ್ಲಿ ಇನ್ನಷ್ಟು ಕೆಳಗೆ ಜಾರುತ್ತಿದ್ದಿತು. ಎಷ್ಟೇ ಬಲವಾಗಿ ಹೊಡೆದರೂ ಅದು ನೆಲದ ಮೇಲೆ ಉರುಳಿ ಜೊತೆಯವರ ಕೈಸೇರುವುದು. ಗೆಲವಿನಲ್ಲಿ ಜೊತೆಯವರಿಗೂ ಪಾಲಿರುವ ಆಟವದು; ಆದಕಾರಣವೇ ಆತನು ಓಡಿಹೋಗಿ ಅವರ ಕೈಕುಲುಕುತ್ತಿದ್ದುದು.

ಜೂನ್ ೨೮ರ ಸೋಮವಾರ ರಾತ್ರಿಯ ಪಂದ್ಯವನ್ನು ದೇಶಕ್ಕೆಲ್ಲ ದೂರದರ್ಶನದಲ್ಲಿ ತೋರಿಸಿದರು. ಎದುರಾಳಿಗಳು ನ್ಯೂಯಾರ್ಕಿನ ಯ್ಯಾಂಕೀಸ್; ಆ ವರ್ಷ ಅಮೆರಿಕನ್ ಲೀಗಿನ ಪಟ್ಟವನ್ನು ಗೆದ್ದವರು ಅವರೇ. ಮೈದಾನದಲ್ಲಿ ೪೭,೮೫೫ ಜನ ನೆರೆದಿದ್ದರು. ಒಂದು ಗಂಟೆ ಐವತ್ತೊಂದು ನಿಮಿಷದಲ್ಲಿ ಹುಡುಗನು ಅವರನ್ನು ೫–೧ರಿಂದ ಮುಗಿಸಿಬಿಟ್ಟನು. ಆಟ ಮುಗಿದ ಮೇಲೆಯೂ ಜನ ಮನೆಗೆ ಹೊರಡಲೊಲ್ಲರು. ‘ಹಕ್ಕಿ ಬೇಕು, ಹಕ್ಕಿ ಬೇಕು’ ಎಂಬ ಕೂಗು. ಆತನು ಮತ್ತೆ ಹೊರಗೆ ಬಂದು ಟೋಪಿಯನ್ನು ಬೀಸಿದ ಮೇಲೆಯೇ ಮೈದಾನ ತೆರವಾಯಿತು. ಮರುದಿನದಿಂದ ಅಮೆರಿಕದಲ್ಲಿ ಆತನ ಹೆಸರನ್ನರಿಯದ ಮನೆಯಿರಲಿಲ್ಲ. ಎರಡು ವಾರಗಳಲ್ಲಿ ಫಿಲಡೆಲ್ಫಿಯದಲ್ಲಿ ನಡೆದ ಆಲ್ ಸ್ಟಾರ್ ಪಂದ್ಯದಲ್ಲಿ, ಎರಡು ಲೀಗುಗಳ ಆಯ್ದ ಆಟಗಾರರ ನಡುವೆ, ಆತನಿಗೇ ಮೊದಲ ಎಸೆತದ ಗೌರವ ದೊರೆಯಿತು. ಆ ಪಂದ್ಯದಲ್ಲಿ ಆತನು ಸೋತನು. ಜನರಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ಆ ಬೇಸಗೆಯಲ್ಲಿ ಡೆಟ್ರಾಯಿಟಿನ ಮೈದಾನದಲ್ಲಿ ಆತನು ೧೮ ಪಂದ್ಯಗಳಲ್ಲಿ ಎಸೆದನು. ಆ ಹದಿನೆಂಟಕ್ಕೆ ಬಂದ ಜನ ಆರು ಲಕ್ಷಕ್ಕೂ ಮೇಲೆ. ವರ್ಷದ ಸುಮಾರು ಎಂಬತ್ತು ಪಂದ್ಯಗಳಿಗೆಲ್ಲ ಸೇರಿ ಬಂದವರು ಹದಿನೈದು ಲಕ್ಷಕ್ಕಿಂತ ಕಡಮೆ. ಹೀಗೆ ಕ್ಲಬ್ಬಿನ ಪೆಟ್ಟಿಗೆಯನ್ನು ತುಂಬಿಸಿದ ಹುಡುಗನ ಆ ವರ್ಷದ ಸಂಬಳವು ೧೬,೫೦೦ ಡಾಲರು. ಆಟಗಾರನು ಎಲ್ಲಿಯೂ ಹೋಗದಂತೆ ಕ್ಲಬ್ಬಿಗೆ ಕಟ್ಟಿಹಾಕುತ್ತಿದ್ದ ಹಳೆಯ ಕರಾರನ್ನು ಪಂಚಾಯಿತಿದಾರರೊಬ್ಬರು ೧೯೭೫ರ ಡಿಸೆಂಬರಿನಲ್ಲಷ್ಟೇ ಸಡಿಲಗೊಳಿಸಿದ್ದರು. ಅದರ ಫಲವು ಹೊಸಬರವರೆಗೆ ಇಳಿದಿರಲಿಲ್ಲ. ಋತುವಿನ ಕೊನೆಗೆ ಕ್ಲಬ್ಬಿನವರು ೨೫,೦೦೦ ಡಾಲರಿನ ಬಹುಮಾನವನ್ನೂ ಮೂರು ವರ್ಷಗಳ ಹೊಸ ಕರಾರನ್ನೂ ಕೊಟ್ಟರು. ಹುಡುಗನಿಗೆ ಇದರ ಕೊರಗು ಇದ್ದಂತೆಯೇ ತೋರದು. ಸಣ್ಣದೊಂದು ಬಾಡಿಗೆಯ ಮನೆ, ಸಣ್ಣದೊಂದು ಕಾರು. ಬೇಸ್‌ಬಾಲ್ ಇಲ್ಲದಿದ್ದರೆ ಊರಿನ ಪೆಟ್ರೋಲ್ ಅಂಗಡಿಯಿದ್ದೇ ಇದೆ ಎಂಬಂತಹ ನಡೆ. ಕ್ಷೌರದಂಗಡಿಯಲ್ಲಿ ಆತನು ಕತ್ತರಿಸಿಕೊಂಡ ಕೂದಲನ್ನು ಹುಡುಗಿಯರು ಬೇಡಿ ಒಯ್ದರೆಂಬ ಕಥೆಯೂ ಇದೆ, ಕ್ಷೌರಿಕನಿಗಾದರೂ ಲಾಭವಾಯಿತೆಂದುಕೊಳ್ಳೋಣ.

ವರ್ಷದ ಕೊನೆಯ ಲೆಕ್ಕ ಹೀಗಿದ್ದಿತು: ೧೯ ಗೆಲವು, ೯ ಸೋಲು, ಸರಾಸರಿ ೨.೩೪. ಎರಡು ಲೀಗುಗಳಲ್ಲಿಯೂ ಇಷ್ಟು ಕಡಮೆಯ ಸರಾಸರಿ ಆ ವರ್ಷ ಬೇರೆ ಯಾರದೂ ಇರಲಿಲ್ಲ. ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಆತನಿಗೆ ಸಂದಿತು. ಇನ್ನೊಂದು ಸಂಖ್ಯೆಯ ಮೇಲೆ ವಾಚಕರು ಕಣ್ಣಿಡಬೇಕು. ಆತನು ಪಂದ್ಯವನ್ನು ಪ್ರಾರಂಭಿಸಿದ ೨೯ ಸಲಗಳಲ್ಲಿ ೨೪ ಸಲ ತಾನೊಬ್ಬನೇ ಕೊನೆಯವರೆಗೂ ಎಸೆದನು. ಕೆಲವು ಪಂದ್ಯಗಳು ಒಂಬತ್ತಕ್ಕೆ ತೀರ್ಮಾನವಾಗದೆ ಹನ್ನೊಂದನೆಯ ಇನ್ನಿಂಗ್ಸಿನವರೆಗೆ ಬೆಳೆದುವು. ಆಗಲೂ ಆತನು ದಿಬ್ಬವನ್ನು ಬಿಟ್ಟಿಳಿಯಲಿಲ್ಲ. ಒಟ್ಟು ಎಸೆದುದು ೨೫೦ ಇನ್ನಿಂಗ್ಸು. ತನ್ನ ಜೀವಮಾನದಲ್ಲಿ ದೊಡ್ಡ ಲೀಗಿನಲ್ಲಿ ಆತನು ಎಸೆದ ೪೧೨ ಇನ್ನಿಂಗ್ಸುಗಳಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲನ್ನು ಆ ತೋಳು ಒಂದೇ ಬೇಸಗೆಯಲ್ಲಿ ತೆತ್ತಿದ್ದಿತು.

೧೯೭೭ರ ಮಾರ್ಚಿಯಲ್ಲಿ, ಫ್ಲಾರಿಡದ ತರಬೇತಿಯ ಶಿಬಿರದಲ್ಲಿ, ಆತನು ಹೊರಮೈದಾನದಲ್ಲಿ ಸುಮ್ಮನೆ ಚೆಂಡು ಹಿಡಿಯುತ್ತ ಜಿಗಿದಾಡುತ್ತಿದ್ದನು. ರಸ್ಟಿ ಸ್ಟಾಬ್ ಎಂಬ ಹಿರಿಯ ಆಟಗಾರನು ‘ನಿಧಾನ, ನಿಧಾನ’ ಎಂದು ಎಚ್ಚರಿಸಿದನಂತೆ. ಹುಡುಗನು ಮತ್ತೊಮ್ಮೆ ಜಿಗಿದು ಇಳಿದಾಗ ಮೊಣಕಾಲಿನಲ್ಲಿ ಏನೋ ಕಳಚಿದಂತಾಯಿತು. ಕೀಲಿನ ಮೃದ್ವಸ್ಥಿ ಹರಿದಿದ್ದಿತು, ಶಸ್ತ್ರಚಿಕಿತ್ಸೆಯಾಯಿತು. ಎರಡು ತಿಂಗಳಲ್ಲಿ, ಮೇ ಕೊನೆಗೆ, ಆತನು ದಿಬ್ಬಕ್ಕೆ ಮರಳಿದನು. ಸಾಲಾಗಿ ಕೆಲವು ಪಂದ್ಯಗಳನ್ನು ಗೆದ್ದನು. ಮೈದಾನಗಳು ಮತ್ತೆ ತುಂಬಿದುವು. ಜುಲೈ ೪ರಂದು, ಅವರ ದೇಶದ ಸ್ವಾತಂತ್ರ್ಯದ ದಿನ, ಬಾಲ್ಟಿಮೋರ್ ನಗರದಲ್ಲಿ ಎಸೆಯುತ್ತಿರುವಾಗ ತೋಳು ಸತ್ತಂತಾಯಿತು. ನೋವೆನ್ನುವಂತಹ ನೋವಲ್ಲ; ಆಜ್ಞೆ ಕೊಟ್ಟರೆ ಕೇಳದ ತೋಳು. ಮುಂದಿನ ವಾರ ಇನ್ನೊಮ್ಮೆ ಪ್ರಯತ್ನಿಸಿದನು. ಆ ವರ್ಷದ ಆಟ ಅಲ್ಲಿಗೆ ಮುಗಿಯಿತು.

ಈ ಕೇಡು ಏನೆಂಬುದನ್ನು ತಿಳಿಯಲು ಭುಜದ ಕೀಲಿನ ರಚನೆಯನ್ನು ಸ್ವಲ್ಪ ನೋಡಬೇಕು. ತೊಡೆಯ ಮೂಳೆಯ ಗುಂಡು ಸೊಂಟದಲ್ಲಿ ಒರಳಿನೊಳಗಿನ ಗುಂಡುಕಲ್ಲಿನಂತೆ ಆಳವಾಗಿ ಕುಳಿತಿರುತ್ತದೆ, ಸುಲಭವಾಗಿ ಕದಲದು. ಭುಜದಲ್ಲಿ ಹಾಗಲ್ಲ. ಅಲ್ಲಿಯ ಗುಳಿಯು ಬಹಳ ತೆಳುವು. ಸಣ್ಣ ತಟ್ಟೆಯ ಮೇಲೆ ದೊಡ್ಡ ನಿಂಬೆಹಣ್ಣನ್ನಿಟ್ಟಂತೆ. ಹಾಗಿರುವುದರಿಂದಲೇ ಮನುಷ್ಯನು ತೋಳನ್ನು ಎಲ್ಲ ಕಡೆಗೂ ತಿರುಗಿಸಬಲ್ಲನು. ಆ ಹಣ್ಣು ತಟ್ಟೆಯಿಂದ ಜಾರದಂತೆ ನಾಲ್ಕು ಸಣ್ಣ ಮಾಂಸಖಂಡಗಳು ಸುತ್ತಲೂ ತಮ್ಮ ರಜ್ಜುಗಳನ್ನು ಹಾಯಿಸಿ, ಅಂಗಿಯ ಕೈಪಟ್ಟಿಯಂತೆ ಅಪ್ಪಿ ಹಿಡಿದಿರುತ್ತವೆ. ಎಸೆಗಾರನು ಚೆಂಡನ್ನು ಬೀಸುವಾಗ ತೋಳು ಭುಜದಲ್ಲಿ ತಿರುಗುವ ವೇಗವನ್ನು ಈಗಿನ ಶಾಸ್ತ್ರಜ್ಞರು ಸೆಕೆಂಡಿಗೆ ಏಳು ಸಾವಿರ ಡಿಗ್ರಿಗಳಷ್ಟೆಂದು ಅಳೆದಿದ್ದಾರೆ. ಮನುಷ್ಯ ಶರೀರವು ಮಾಡುವ ಚಲನೆಗಳಲ್ಲಿ ಇದಕ್ಕಿಂತ ಶೀಘ್ರವಾದುದು ಅಳತೆಗೆ ಸಿಕ್ಕಿಲ್ಲವೆನ್ನುತ್ತಾರೆ. ಚೆಂಡು ಕೈಬಿಟ್ಟ ಮೇಲೆ, ಚೆಂಡಿನ ಹಿಂದೆಯೇ ಹಾರಿಹೋಗಲೆಳಸುವ ಆ ತೋಳನ್ನು ಕ್ಷಣಮಾತ್ರದಲ್ಲಿ ತಡೆದು ನಿಲ್ಲಿಸಬೇಕಾದವುಗಳಲ್ಲಿ ಈ ಸಣ್ಣ ಖಂಡಗಳೇ ಮುಖ್ಯ. ಇಳಿಜಾರಿನಲ್ಲಿ ಧಾವಿಸುವ ಬಂಡಿಯನ್ನು ನೊಗದಿಂದ ತಡೆಹಿಡಿವ ಎತ್ತುಗಳ ಪಾಡು ಅವುಗಳದು. ಅವುಗಳ ರಜ್ಜು ಹರಿದರೆ ತೋಳು ಮೇಲ್ನೋಟಕ್ಕೆ ಹಾಗೆಯೇ ಇರುತ್ತದೆ. ಉಣ್ಣಬಹುದು, ಬರೆಯಬಹುದು, ಮೂಟೆ ಹೊರಬಹುದು. ಎಸೆಯಲು ಮಾತ್ರ ಆಗದು.

ಕ್ಷ-ಕಿರಣದ ಚಿತ್ರದಲ್ಲಿ ಮೂಳೆ ಕಾಣುವುದಲ್ಲದೆ ಹರಿದ ರಜ್ಜು ಕಾಣದು. ಕಾಂತಶಕ್ತಿಯಿಂದ ಮೈಯೊಳಗಿನ ಮೆದು ಭಾಗಗಳ ಚಿತ್ರ ತೆಗೆಯುವ ಯಂತ್ರಗಳು ೧೯೭೭ರಲ್ಲಿ ಇನ್ನೂ ಆಸ್ಪತ್ರೆಗಳಿಗೆ ಬಂದಿರಲಿಲ್ಲ. ಸಣ್ಣ ರಂಧ್ರದಿಂದ ಕೊಳವೆಯನ್ನು ತೂರಿಸಿ ಕೀಲಿನೊಳಗೆ ಇಣಿಕಿ ನೋಡುವ ವಿಧಾನವು ಮೊಣಕಾಲಿಗೆ ಬಳಕೆಯಾಗತೊಡಗಿತ್ತಾದರೂ ಭುಜಕ್ಕೆ ಅಷ್ಟಾಗಿ ಒದಗಿರಲಿಲ್ಲ. ಫಿಡ್ರಿಚನು ವೈದ್ಯರಿಂದ ವೈದ್ಯರಿಗೆ ಅಲೆದನು. ಒಬ್ಬರು ವಿಶ್ರಾಂತಿ ಹೇಳಿದರು, ಒಬ್ಬರು ವ್ಯಾಯಾಮ ಹೇಳಿದರು. ಚಿತ್ರದಲ್ಲಿ ಏನೂ ಕಾಣದಿರಲು, ದೋಷವಿರುವುದು ತೋಳಿನಲ್ಲಲ್ಲ, ಮನಸ್ಸಿನಲ್ಲಿ ಎಂಬ ಮಾತು ಹೊರಟಿತು. ಮನಶ್ಶಾಸ್ತ್ರಜ್ಞರನ್ನೂ ಸಂಮೋಹನ ವಿದ್ಯೆಯವರನ್ನೂ ಕಂಡುಬಂದನು.

ಈ ಕಥೆಯಲ್ಲಿ ನಮ್ಮ ಮನಸ್ಸನ್ನು ಹೆಚ್ಚು ನೋಯಿಸುವ ಭಾಗ ಇದೇ. ಕೀರ್ತಿ ಹೋಗುವುದು ಆಟಗಾರರಿಗೆ ಹೊಸತಲ್ಲ. ಹಣ ಹೋಗುವುದೂ ಅಲ್ಲ. ನೊಂದವನು ನೋವಿದೆಯೆಂದು ಹೇಳುತ್ತಿರುವಾಗ, ಕಾಣದ್ದು ಇಲ್ಲವೆಂದು ತೀರ್ಮಾನಿಸಿ, ಅವನ ಬುದ್ಧಿಯನ್ನೇ ಶಂಕಿಸುವುದು ಬೇರೆ ಬಗೆಯ ಪೆಟ್ಟು. ಬೆನ್ನುನೋವೆಂದೋ ತಲೆನೋವೆಂದೋ ಹೇಳಿ ನಂಬಿಸಲಾರದೆ ಸುಮ್ಮನಾದ ಹೆಂಗಸರು, ಮುದುಕರು, ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅಷ್ಟರ ಮೇಲೆ, ಚೆಂಡಿನೊಡನೆ ಮಾತನಾಡುವ ಹುಡುಗನಾದ್ದರಿಂದ ಅವನ ಮನಸ್ಸನ್ನು ಶಂಕಿಸುವುದು ಜನರಿಗೆ ಇನ್ನಷ್ಟು ಸುಲಭವಾಯಿತು. ಹಿಂದಿನ ವರ್ಷ ಯಾವುದನ್ನು ಮೆಚ್ಚಿ ಕುಣಿದರೋ ಅದನ್ನೇ ಈಗ ರೋಗದ ಲಕ್ಷಣವೆಂದು ತಿಳಿದರು.

೧೯೭೮ರಲ್ಲಿ ಆತನು ಆಡಿದುದು ಮೂರೇ ಪಂದ್ಯ. ಎರಡನ್ನು ಗೆದ್ದು ಮತ್ತೆ ತೋಳು ಕೈಕೊಟ್ಟಿತು. ೧೯೭೯ರಲ್ಲಿ ನಾಲ್ಕು, ೧೯೮೦ರಲ್ಲಿ ಒಂಬತ್ತು. ೧೯೮೧ನ್ನು ಕಿರಿಯ ಲೀಗಿನಲ್ಲಿಯೇ ಕಳೆದನು. ಆ ವರ್ಷದ ಕೊನೆಗೆ ಡೆಟ್ರಾಯಿಟಿನವರು ಆತನನ್ನು ಕೈಬಿಟ್ಟರು. ತನ್ನ ಹುಟ್ಟುನಾಡಿನ ಬಾಸ್ಟನ್ ರೆಡ್ ಸಾಕ್ಸ್ ಕ್ಲಬ್ಬಿನವರು ತಮ್ಮ ಕಿರಿಯ ತಂಡದಲ್ಲಿ, ರೋಡ್ ಐಲೆಂಡಿನ ಪಾಟಕೆಟ್ ಎಂಬ ಊರಿನಲ್ಲಿ, ಸ್ಥಾನ ಕೊಟ್ಟರು.

ಅಲ್ಲಿ ೧೯೮೨ರ ಜುಲೈ ೧ರಂದು ನಡೆದುದನ್ನು ಹೇಳದೆ ಬಿಡಲಾಗದು. ಆ ಸಣ್ಣ ಮೈದಾನಕ್ಕೆ ಹಕ್ಕಿಯನ್ನು ನೋಡಲೆಂದು ಒಂಬತ್ತು ಸಾವಿರಕ್ಕೂ ಮೇಲ್ಪಟ್ಟು ಜನ ಬಂದರು. ಎದುರಿಗೆ ಎಸೆಯುತ್ತಿದ್ದವನು ಡೇವ್ ರಿಘೆಟ್ಟಿ. ಹಿಂದಿನ ವರ್ಷ ಶ್ರೇಷ್ಠ ಹೊಸ ಆಟಗಾರನೆಂಬ ಅದೇ ಪ್ರಶಸ್ತಿಯನ್ನು ಪಡೆದಿದ್ದು, ಸ್ವಲ್ಪ ಕಾಲ ಕೆಳಕ್ಕೆ ಇಳಿಸಲ್ಪಟ್ಟಿದ್ದವನು. ಫಿಡ್ರಿಚನು ದಿಬ್ಬದ ಮಣ್ಣನ್ನು ಸವರಿದನು, ಚೆಂಡಿನೊಡನೆ ಮಾತನಾಡಿದನು, ಜೊತೆಯವರ ಕೈಕುಲುಕಿದನು. ಹರಿದ ರಜ್ಜಿನ ತೋಳಿನಿಂದಲೇ ಕೊನೆಯವರೆಗೂ ಎಸೆದು ೭–೫ರಿಂದ ಗೆದ್ದನು. ದೊಡ್ಡ ಲೀಗಿನ ಲೆಕ್ಕದಲ್ಲಿ ಆ ಗೆಲವಿಗೆ ಸ್ಥಾನವಿಲ್ಲ. ಮುಂದಿನ ವರ್ಷ, ೧೯೮೩ರಲ್ಲಿ, ಇನ್ನೂ ಇಪ್ಪತ್ತೊಂಬತ್ತು ತುಂಬುವ ಮೊದಲೇ, ಆತನು ಆಟವನ್ನು ಬಿಟ್ಟನು.

ಆಟವನ್ನು ಬಿಟ್ಟು ಎರಡು ವರ್ಷಗಳ ತರುವಾಯ, ೧೯೮೫ರಲ್ಲಿ, ಕ್ರೀಡಾವೈದ್ಯರಲ್ಲಿ ಪ್ರಸಿದ್ಧರಾದ ಡಾಕ್ಟರ್ ಜೇಮ್ಸ್ ಆಂಡ್ರ್ಯೂಸ್ ಅವರು ಆತನ ಭುಜದೊಳಗೆ ಇಣಿಕಿ ನೋಡಿದರು. ನಾವು ಮೇಲೆ ಹೇಳಿದ ಆ ಕೈಪಟ್ಟಿಯು ಹರಿದಿದ್ದಿತು. ಶಸ್ತ್ರಚಿಕಿತ್ಸೆ ಮಾಡಿದರು, ಆಟಕ್ಕೆ ಮರಳುವ ಕಾಲ ಮೀರಿಹೋಗಿದ್ದಿತು. ಆದರೂ ಆ ದಿನ ಆತನಿಗೆ ಒಂದು ಸಮಾಧಾನವಾಗಿರಬೇಕು: ಕೇಡು ಇದ್ದದ್ದು ತೋಳಿನಲ್ಲಿಯೇ.

ತಪ್ಪು ಯಾರದು? ಇಪ್ಪತ್ತೊಂದರ ಹುಡುಗನ ಕೈಯಲ್ಲಿ ೨೪ ಪೂರ್ಣಪಂದ್ಯಗಳನ್ನು ಆಡಿಸಿದ ಮುಖ್ಯಸ್ಥ ರಾಲ್ಫ್ ಹೌಕನನ್ನು ದೂರುವವರಿದ್ದಾರೆ. ಅದು ಪೂರ್ಣ ನ್ಯಾಯವೆಂದು ನಮಗೆ ತೋರದು. ಅದೇ ವರ್ಷ ಬಾಲ್ಟಿಮೋರಿನ ಜಿಮ್ ಪಾಮರನು ೨೩ ಪೂರ್ಣಪಂದ್ಯಗಳನ್ನೂ ೩೧೫ ಇನ್ನಿಂಗ್ಸುಗಳನ್ನೂ ಎಸೆದನು. ಆತನ ತೋಳು ಇನ್ನೂ ಹಲವು ವರ್ಷ ಬಾಳಿತು. ಆದರೆ ಪಾಮರನಿಗೆ ಆಗ ಮೂವತ್ತು ವರ್ಷ. ಎಲುಬು ನರಗಳು ಬಲಿತಿದ್ದುವು. ಮೊಣಕಾಲಿನ ಗಾಯವು ಪೂರ್ತಿ ಮಾಯುವ ಮೊದಲೇ ದಿಬ್ಬಕ್ಕೆ ಮರಳಿದ ಕಾರಣ ಎಸೆಯುವ ಭಂಗಿ ಅರಿವಿಲ್ಲದೆಯೇ ಬದಲಾಗಿ, ಭಾರವೆಲ್ಲ ಭುಜದ ಮೇಲೆ ಬಿದ್ದಿತೆಂದು ಹಲವರು ಊಹಿಸುತ್ತಾರೆ; ನಮಗೂ ಇದೇ ಹೆಚ್ಚು ಸಂಭವವೆನಿಸುತ್ತದೆ. ಗ್ರಹಚಾರವೂ ಸೇರಿತ್ತೆನ್ನಬೇಕು. ಲಾಸ್ ಏಂಜಲೀಸಿನ ಟಾಮಿ ಜಾನ್ ಎಂಬ ಎಸೆಗಾರನ ಮೊಣಕೈಯ ಹರಿದ ಬಂಧವನ್ನು ಡಾಕ್ಟರ್ ಫ್ರಾಂಕ್ ಜೋಬ್ ಎಂಬವರು ೧೯೭೪ರಲ್ಲಿ ತೆಗೆದು, ಮುಂಗೈಯ ರಜ್ಜನ್ನು ಅದರ ಸ್ಥಾನದಲ್ಲಿ ಹೊಲಿದಿದ್ದರು. ಅಂತಹ ಚಿಕಿತ್ಸೆ ಅದಕ್ಕೆ ಮೊದಲು ಎಸೆಗಾರನಿಗೆ ನಡೆದಿರಲಿಲ್ಲ. ಟಾಮಿ ಜಾನನು ಆಟಕ್ಕೆ ಮರಳಿದುದು ೧೯೭೬ರಲ್ಲಿ, ಫಿಡ್ರಿಚನ ಅದೇ ಬೇಸಗೆಯಲ್ಲಿ; ಆಡುವುದನ್ನು ನಿಲ್ಲಿಸಿದುದು ೧೯೮೯ರಲ್ಲಿ. ಮೊಣಕೈ ಹರಿದವನು ಹದಿಮೂರು ವರ್ಷ ಹೆಚ್ಚು ಆಡಿದನು. ಅಲ್ಲಿಂದ ಒಂದು ಗೇಣು ಮೇಲೆ ಹರಿದವನಿಗೆ ದಾರಿಯಿರಲಿಲ್ಲ.

ಈಗಿನ ಕ್ಲಬ್ಬುಗಳು ಪ್ರತಿಯೊಂದು ಎಸೆತವನ್ನೂ ಎಣಿಸುತ್ತವೆ; ನೂರರ ಹತ್ತಿರ ಬಂದರೆ ಎಸೆಗಾರನನ್ನು ಇಳಿಸಿಬಿಡುತ್ತಾರೆ. ೨೦೨೨ರಲ್ಲಿ ಎರಡು ಲೀಗುಗಳಲ್ಲಿಯೂ ಅತ್ಯಂತ ಹೆಚ್ಚು ಪೂರ್ಣಪಂದ್ಯಗಳನ್ನಾಡಿದ ಸ್ಯಾಂಡಿ ಅಲ್ಕಾಂಟರನ ಲೆಕ್ಕವು ಆರು. ಮರುವರ್ಷವೇ ಆತನೂ ಮೊಣಕೈಯ ಶಸ್ತ್ರಚಿಕಿತ್ಸೆಗೆ ಒಳಗಾದನು. ಎಣಿಕೆಯೊಂದರಿಂದಲೇ ತೋಳನ್ನು ಕಾಯಬಹುದೆಂದು ಧೈರ್ಯವಾಗಿ ಹೇಳುವಂತಿಲ್ಲ.

ಫಿಡ್ರಿಚನು ನಾರ್ತ್‌ಬರೋ ಊರಿಗೆ ಮರಳಿದನು. ಆಟದಿಂದ ಬಂದ ಹಣದಲ್ಲಿ ನೂರು ಎಕರೆಗಿಂತ ಸ್ವಲ್ಪ ಹೆಚ್ಚಿನ ಜಮೀನು ಕೊಂಡಿದ್ದನು. ದನ, ಹಂದಿಗಳನ್ನು ಸಾಕಿದನು. ಹತ್ತು ಚಕ್ರದ ಲಾರಿಯೊಂದನ್ನು ಇಟ್ಟುಕೊಂಡು ಮಣ್ಣು, ಜಲ್ಲಿ ಸಾಗಿಸುವ ಬಾಡಿಗೆ ಹಿಡಿದನು. ೧೯೮೬ರಲ್ಲಿ ಮದುವೆಯಾಯಿತು, ಒಬ್ಬಳು ಮಗಳು. ಅತ್ತೆಯವರು ಹೆದ್ದಾರಿಯ ಬದಿಯಲ್ಲಿ ನಡೆಸುತ್ತಿದ್ದ ಊಟದಂಗಡಿಯಲ್ಲಿ ಬಿಡುವಾದಾಗ ಕೈಗೂಡಿಸುತ್ತಿದ್ದನು. ಹಳೆಯ ಅಭಿಮಾನಿಗಳು ಬಂದು ಗುರುತಿಸಿ ಮಾತನಾಡಿಸಿದರೆ ಸಂತೋಷದಿಂದ ಮಾತನಾಡುವನು. ಕ್ಲಬ್ಬಿನ ಮೇಲಾಗಲಿ ವೈದ್ಯರ ಮೇಲಾಗಲಿ ದೂರು ಹೇಳಿದವನಲ್ಲ. ತಾನು ಒಂದು ಬೇಸಗೆ ಅಲ್ಲಿದ್ದೆನೆಂಬುದೇ ಆತನಿಗೆ ದೊಡ್ಡ ಮಾತಾಗಿತ್ತು.

೧೯೯೯ರ ಸೆಪ್ಟೆಂಬರ್ ೨೭ರಂದು ಡೆಟ್ರಾಯಿಟಿನ ಆ ಹಳೆಯ ಮೈದಾನದಲ್ಲಿ ಕೊನೆಯ ಪಂದ್ಯ ನಡೆಯಿತು. ಆಟ ಮುಗಿದ ಮೇಲೆ ಹಿಂದಿನ ಕಾಲದ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಮೈದಾನಕ್ಕೆ ಕರೆದರು. ನಲವತ್ತೈದು ವರ್ಷದ ಫಿಡ್ರಿಚನು ಹಳೆಯ ಉಡುಪಿನಲ್ಲಿ ಓಡುತ್ತ ಬಂದು, ನೇರವಾಗಿ ದಿಬ್ಬಕ್ಕೆ ಹೋಗಿ, ಮೊಣಕಾಲೂರಿ ಕುಳಿತು, ಅಲ್ಲಿಯ ಮಣ್ಣನ್ನು ಎರಡು ಕೈಗಳಿಂದಲೂ ಬಾಚಿ ಒಂದು ಚೀಲದಲ್ಲಿ ತುಂಬಿಕೊಂಡನು. ಜನರೆಲ್ಲ ಎದ್ದು ನಿಂತು ಕೂಗಿದರು.

೨೦೦೯ರ ಏಪ್ರಿಲ್ ೧೩ರಂದು ಆತನು ತನ್ನ ಹೊಲದ ಬಳಿ ಲಾರಿಯ ಕೆಳಗೆ ಮಲಗಿ ದುರಸ್ತಿ ಮಾಡುತ್ತಿದ್ದನು. ತಿರುಗುವ ಯಂತ್ರದ ದಂಡಕ್ಕೆ ಬಟ್ಟೆ ಸಿಕ್ಕಿ, ಉಸಿರು ಕಟ್ಟಿ, ಅಲ್ಲಿಯೇ ಪ್ರಾಣ ಹೋಯಿತು. ವಯಸ್ಸು ಐವತ್ತನಾಲ್ಕು.

ಅದೇ ವರ್ಷ ಜೂನ್ ೧೯ರಂದು ಡೆಟ್ರಾಯಿಟಿನ ಹೊಸ ಮೈದಾನದಲ್ಲಿ ಆತನ ನೆನಪಿಗಾಗಿ ಒಂದು ಸಮಾರಂಭ ನಡೆಯಿತು. ಪಂದ್ಯದ ಮೊದಲ ಚೆಂಡನ್ನೆಸೆಯಲು ಆತನ ಹೆಂಡತಿಯನ್ನೂ ಮಗಳನ್ನೂ ಕರೆದಿದ್ದರು. ಮಗಳು ದಿಬ್ಬವನ್ನು ಹತ್ತಿ, ಚೆಂಡನ್ನು ಎಸೆಯುವ ಮೊದಲು, ಬಗ್ಗಿ ಕುಳಿತು ಅಲ್ಲಿಯ ಮಣ್ಣನ್ನು ಕೈಯಿಂದ ಸವರಿ ನುಣ್ಣಗೆ ಮಾಡಿದಳು.